ಯಾವ ಸುಪ್ರೀಂ ಕೋರ್ಟ್, ಚಿಕ್ಕಪ್ಪ?

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ!! ವಿಚಾರಣೆಯಲ್ಲಿ ಪೊಲೀಸರು ನಿಮಗೆ ಸುಳ್ಳು ಹೇಳಬಹುದು. ಸುಪ್ರೀಂ ಕೋರ್ಟ್ ಒಪ್ಪಿದೆ. ನಂಬಿ ಬಾಯಿ ಬಿಟ್ಟರೆ ನೇರ ಜೈಲು. ಎಲ್ಲರಿಗೂ ಕಳುಹಿಸಿ.

ಚಿಕ್ಕಪ್ಪ: ನಾನು ಹೇಳುತ್ತಲೇ ಇದ್ದೆ. ಯಾರನ್ನೂ ನಂಬುವ ಕಾಲ ಅಲ್ಲ ಇದು.

ಭಾರತಿ ಅತ್ತೆ: ನಂಬಿಕೆ ವಿಷಯ ನೀನು ಹೇಳಬೇಕಾ?

ದೊಡ್ಡಪ್ಪ: ತಪ್ಪು ಮಾಡದವನಿಗೆ ಭಯ ಯಾಕೆ? ಇದ್ದದ್ದು ಇದ್ದಂತೆ ಹೇಳಿದರೆ ಮುಗಿಯಿತು. ನಮ್ಮ ಅಪ್ಪ ಜೀವನದಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ.

ನಾನು: ಯಾವ ಸುಪ್ರೀಂ ಕೋರ್ಟ್ ಚಿಕ್ಕಪ್ಪ? ಯಾವ ವರ್ಷದ ತೀರ್ಪು?

ಚಿಕ್ಕಪ್ಪ: ನಮ್ಮ ಬ್ಯಾಂಕಿನವರ ಗುಂಪಿನಲ್ಲಿ ಬಂತು. ಅಲ್ಲಿರುವವರೆಲ್ಲ ಓದಿದವರು.

ನಾನು: ಮೂರು ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ಓದಿದೆ ಅಂತ ಬಂದಿದ್ದೂ ಅದೇ ಗುಂಪಿನಿಂದ ಅಲ್ವಾ?

ಚಿಕ್ಕಪ್ಪ: ಹಳೆಯದನ್ನೆಲ್ಲ ಕೆದಕಬೇಡ ವಿದ್ಯಾ.

ನಾನು: ಸಿಕ್ಕಿತು. ಇದು ಅಮೆರಿಕದ ಸುಪ್ರೀಂ ಕೋರ್ಟ್. 1969ರ ತೀರ್ಪು. ಆರೆಗಾನ್‌ನ ಒಂದು ಕೊಲೆ ಕೇಸು. ಹಿಡಿದವನಿಗೆ ಪೊಲೀಸರು "ನಿನ್ನ ಕಸಿನ್ ಆಗಲೇ ಒಪ್ಪಿಕೊಂಡಿದ್ದಾನೆ" ಅಂದರು. ಆ ಕಸಿನ್ ಒಪ್ಪಿಕೊಂಡೇ ಇರಲಿಲ್ಲ. ಆದರೂ ಈ ಒಂದು ಸುಳ್ಳಿನಿಂದಲೇ ತಪ್ಪೊಪ್ಪಿಗೆ ಬಿದ್ದುಹೋಗುವುದಿಲ್ಲ ಅಂತ ಕೋರ್ಟ್ ಹೇಳಿತು. 2021ರಲ್ಲಿ ಇಲಿನಾಯ್, ಆರೆಗಾನ್ ರಾಜ್ಯಗಳು ಮಕ್ಕಳ ಮಟ್ಟಿಗಾದರೂ ಇದನ್ನು ತಡೆಯಲು ಕಾನೂನು ತಂದಿವೆ.

ಗಿರೀಶ: ಅಯ್ಯೋ, ಇದು ತಾತನ ವಿದ್ಯೆ! ಕೋಡುಬಳೆ ಡಬ್ಬ ಖಾಲಿಯಾದರೆ ನಮ್ಮನ್ನು ಒಬ್ಬೊಬ್ಬರನ್ನೇ ಜಗಲಿಗೆ ಕರೆದು "ಅವನು ಎಲ್ಲ ಹೇಳಿಬಿಟ್ಟ, ಇನ್ನು ನೀನೂ ಹೇಳು" ಅನ್ನುತ್ತಿದ್ದರು. ಎಲ್ಲರೂ ಹೇಳಿಬಿಡುತ್ತಿದ್ದೆವು. ಎಂಥಾ ದಿನಗಳು. ಹಳೇ ಮನೆ ಫೋಟೋ ಯಾರ ಹತ್ತಿರ ಇದೆ?

ಭಾರತಿ ಅತ್ತೆ: ಫೋಟೋ ನನ್ನ ಹತ್ತಿರ ಇದೆ. ಮನೆ ಯಾಕಿಲ್ಲ ಅಂತ ಕೇಳು.

ದೊಡ್ಡಪ್ಪ: ಆ ಮಾತು ಗುಂಪಿನಲ್ಲಿ ಬೇಡ ಭಾರತಿ.

ನಾನು: ನಮ್ಮಲ್ಲಿ ಹೇಗೆ ಅಂತ ಹೇಳಿಬಿಡುತ್ತೇನೆ, ದಯವಿಟ್ಟು ಪೂರ್ತಿ ಓದಿ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಸೆಕ್ಷನ್, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸದರಲ್ಲಿ 23. ಹೇಳಿದ ಮಾತಿನಿಂದ ಚಾಕುವೋ ಒಡವೆಯೋ ಸಿಕ್ಕಿದರೆ ಅಷ್ಟು ಮಾತು ಮಾತ್ರ ನಡೆಯುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಕೊಂಡರೆ ಬೇರೆ ಲೆಕ್ಕ. ಬೆದರಿಸಿ, ಆಸೆ ತೋರಿಸಿ ಹೇಳಿಸಿದ್ದು ಬಿದ್ದುಹೋಗುತ್ತದೆ. ಆದರೆ ಮೋಸ ಮಾಡಿ ಹೇಳಿಸಿದ್ದು ಅನ್ನುವ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಅಂತ ಹೊಸ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಇದೆ. ನನಗೆ ಸಿಟ್ಟು ಬರುವುದು ಇಲ್ಲಿ. ಓದು ಬರೆಹ ಗೊತ್ತಿಲ್ಲದ ಒಬ್ಬ ಕೂಲಿಯವನಿಗೆ ಹೆದರಿಸುವುದೂ ಮೋಸ ಮಾಡುವುದೂ ಏನು ವ್ಯತ್ಯಾಸ?

ಚಿಕ್ಕಪ್ಪ: ಅಂದರೆ ನಾನು ಕಳುಹಿಸಿದ್ದು ಸರಿ.

ನಾನು: ನೇರ ಜೈಲು ಅನ್ನುವುದು ಸುಳ್ಳು.

ಭಾವ: ಲೋಕಾಯುಕ್ತದವರು ಪುಡಿ ಹಚ್ಚಿದ ನೋಟು ಕೊಟ್ಟು ಕಳುಹಿಸುತ್ತಾರಲ್ಲ, ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದೂ ಮೋಸವೇ. ಅದನ್ನೂ ನಿಲ್ಲಿಸಬೇಕಾ?

ನಾನು: ಬೇಡ ಭಾವ, ಅದು ಇರಬೇಕು. ಅಲ್ಲಿ ಅವನೇ ಮೊದಲು ಲಂಚ ಕೇಳಿರುತ್ತಾನೆ. ಕೇಳಿದ್ದು ಸಾಬೀತಾಗದಿದ್ದರೆ ಬರೀ ನೋಟು ಸಿಕ್ಕಿತು ಅಂತ ಶಿಕ್ಷೆ ಆಗುವುದಿಲ್ಲ. ಬಲವಂತದ ಮಂಪರು ಪರೀಕ್ಷೆಯನ್ನು ಮಾತ್ರ ಸುಪ್ರೀಂ ಕೋರ್ಟ್ 2010ರಲ್ಲೇ ತಪ್ಪು ಅಂದಿದೆ, ಅದು ನಮ್ಮದೇ ಕೋರ್ಟ್, ನಮ್ಮದೇ ಕರ್ನಾಟಕದ ಕೇಸು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಭಾರತಿ ಅತ್ತೆ: ಪೊಲೀಸರು ಬರೆದುಕೊಂಡಿದ್ದಕ್ಕೆ ಸಹಿ ಹಾಕಬೇಕಾ ಪುಟ್ಟಿ?

ನಾನು: ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬಾರದು ಅಂತಲೇ ಕಾನೂನು ಇದೆ ಅತ್ತೆ.

ಭಾರತಿ ಅತ್ತೆ: ಪೊಲೀಸರಿಗೇ ಅಷ್ಟು ಕಟ್ಟುಪಾಡು. ನನಗೆ "ಖಾತೆ ಬದಲಾವಣೆಗೆ, ಸುಮ್ನೆ ಒಂದು ಸಹಿ ಹಾಕಕ್ಕ" ಅಂದಿದ್ದು ಯಾರು? ಓದುವುದಕ್ಕೂ ಬಿಡಲಿಲ್ಲ. ಅದು ಹಕ್ಕು ಬಿಡುಗಡೆ ಪತ್ರ.

ಚಿಕ್ಕಪ್ಪ: ನಾನು ಪೊಲೀಸರ ವಿಷಯ ಕಳುಹಿಸಿದ್ದು. ಎಲ್ಲಿಂದ ಎಲ್ಲಿಗೆ ಎಳೆಯುತ್ತೀಯಕ್ಕ? ಆವತ್ತು ಅಣ್ಣನೂ ಪಕ್ಕದಲ್ಲೇ ಇದ್ದರು, ಕೇಳು.

ದೊಡ್ಡಪ್ಪ: ನಾನು ಸಾಕ್ಷಿ ಹಾಕಿದ್ದಷ್ಟೇ. ನಾನೂ ಓದಿರಲಿಲ್ಲ.

ಭಾರತಿ ಅತ್ತೆ: ಇದ್ದದ್ದು ಇದ್ದಂತೆ ಹೇಳಬೇಕು ಅಂದಿರಲ್ಲ ಅಣ್ಣ. ಈ ಮಾತನ್ನು ಆವತ್ತೇ ಹೇಳಬಹುದಿತ್ತು.

ಗಿರೀಶ: ಅಮ್ಮನ ಆಲ್ಬಮ್‌ನಲ್ಲಿ ಜಗಲಿ ಫೋಟೋ ಸಿಕ್ಕಿತು! ಕಂಬ ಹಿಡಿದು ನಿಂತಿರುವುದು ಯಾರು?

ನಾನು: ಅತ್ತೆ, ಮೋಸದಿಂದ ಹಾಕಿಸಿಕೊಂಡ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಮೋಸ ಗೊತ್ತಾದ ದಿನದಿಂದ 3 ವರ್ಷ ಅವಕಾಶ. ನಿಮಗೆ ಯಾವತ್ತು ಗೊತ್ತಾಯಿತು ಅಂತ ಇಲ್ಲಿ ಬರೆಯಬೇಡಿ. ನನಗೆ ಫೋನ್ ಮಾಡಿ.