ಕೊಲೊನೋಸ್ಕೋಪಿ (ನಳಿಕೆ ಹಾಕಿ ದೊಡ್ಡ ಕರುಳಿನ ಒಳಗ ನೋಡೋ ಪರೀಕ್ಷಾ) ಎಷ್ಟು ವರ್ಷಕ್ಕೊಮ್ಮೆ? ಮಾಡಿಸಿದವ್ರು ಹೇಳ್ರಿ

ಹುಬ್ಬಳ್ಳಿ, ವಿದ್ಯಾನಗರದಿಂದ:
ನನಗ ಈಗ 41. ನಮ್ಮಪ್ಪಗ 52ರ ಸುಮಾರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು, ಆಪರೇಷನ್ ಆಗಿ ಈಗ ಆರಾಮ ಅದಾರ. ನನಗ ಏನೂ ತ್ರಾಸಿಲ್ಲ. ಒಬ್ರು 45 ಆಗ್ಲಿ ಅಂತಾರ, ಇನ್ನೊಬ್ರು ತ್ರಾಸಿಲ್ಲಂದ್ರ ಯಾಕ ಅಂತಾರ. ಯಾವಾಗ ಶುರು ಮಾಡ್ಬೇಕು, ಎಷ್ಟು ವರ್ಷಕ್ಕೊಮ್ಮೆ?

ಧಾರವಾಡದಿಂದ:
ತಮ್ಮಾ, 45 ಅನ್ನೋದು ಮನಿಯೊಳಗ ಯಾರಿಗೂ ಇಲ್ಲದವ್ರ ಲೆಕ್ಕ. ಅಪ್ಪ, ಅವ್ವ, ಒಡಹುಟ್ಟಿದವ್ರಿಗೆ ಆಗಿದ್ರ 40ಕ್ಕ, ಇಲ್ಲಾ ಅವ್ರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದ್ಲ, ಯಾವ್ದು ಮುಂಚೆ ಬರ್ತದೋ ಅದು. ನೀನು ಆಗ್ಲೇ ದಾಟಿದಿ.

ನಮ್ಮವ್ವಗ 49ಕ್ಕ ಗೊತ್ತಾತು, ಹಿಂಗಾಗಿ ನಾನು 39ಕ್ಕ ಮಾಡಿಸಿದೆ. ಏನೂ ತ್ರಾಸಿರಲಿಲ್ಲ, ಆದ್ರೂ 12 ಮಿಲಿಮೀಟರಿನ ಒಂದು ಪಾಲಿಪ್ ಸಿಕ್ತು. ಕರುಳಿನ ಒಳಗಿನ ಗಂಟು ಅದು. ಅದೇ ನಳಿಕೆಯಿಂದಲೇ ಕತ್ತರಿಸಿ ತೆಗದ್ರು. ಅಂಥಾದ್ದು ಕ್ಯಾನ್ಸರ್ ಆಗ್ಲಿಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ರ ಬೇಕು, ಅದಕ್ಕ ಮೊದ್ಲೇ ಸಿಕ್ಕಿದ್ದು ದೊಡ್ಡದು. ಗಾತ್ರ 10 ಮಿಲಿಮೀಟರ್ ದಾಟಿತ್ತಂತ ಮೂರು ವರ್ಷಕ್ಕ ಕರದ್ರು. 42ಕ್ಕ ಸ್ವಚ್ಛ ಇತ್ತು, ಆಮ್ಯಾಲೆ ಐದು ವರ್ಷ. ಹೋದ ತಿಂಗಳು ಮೂರನೇದು ಆತು. ನಿಂದೂ ಸ್ವಚ್ಛ ಬಂದ್ರ ಮನೆತನದ ಸಲುವಾಗಿ ಐದು ವರ್ಷಕ್ಕೊಮ್ಮೆ ಅಂತ ಹೇಳ್ತಾರ.

ಪರೀಕ್ಷಾಕ್ಕಿಂತ ಹೊಟ್ಟಿ ಸ್ವಚ್ಛ ಮಾಡೋದೇ ಕಠಿಣ. ಮೂರು ದಿನ ಮೊದ್ಲಿಂದ ರೊಟ್ಟಿ, ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು, ಅಗಸಿ ಎಲ್ಲಾ ಬಂದ್. ಮೆತ್ತನ್ನ ಅನ್ನ ಉಂಡೆ. ಹಿಂದಿನ ದಿನ ಎಳನೀರು, ಹಾಲಿಲ್ಲದ ಚಹಾ, ತಿಳಿ ಗಂಜಿ. ಕೆಂಪು ಬಣ್ಣದ ಶರಬತ್ತು ಕುಡೀಬ್ಯಾಡ, ರಕ್ತದಂಗ ಕಾಣ್ತದ. ಪುಡಿ ಕಲಸಿದ ನೀರು ಅರ್ಧ ಸಂಜಿಗೆ, ಅರ್ಧ ಬೆಳಿಗ್ಗೆ. ಅದರೊಳಗ ಆಲಸ್ಯ ಮಾಡಿದ್ರ ಕರುಳು ಕಾಣಂಗಿಲ್ಲ, ಮತ್ತ ಮೊದ್ಲಿಂದ ಮಾಡ್ಬೇಕಾಗ್ತದ. ಮತ್ತು ಬರಿಸಿರ್ತಾರ, ಗಾಡಿ ನೀನು ಹೊಡೀಬ್ಯಾಡ, ಯಾರ್ನರ ಕರ್ಕೊಂಡು ಹೋಗು.

ಗದಗದಿಂದ:
ಒಂದು ಮಾತು ರೀ. ನಮ್ಮಣ್ಣಗ ಸಂಡಾಸದಾಗ ರಕ್ತ ಬೀಳ್ತಿತ್ತು. ಮೂಲವ್ಯಾಧಿ ಅಂತ ಎಂಟು ತಿಂಗಳು ಗಿಡಮೂಲಿಕಿ ಔಷಧ ತಗೊಂಡ. ತೂಕ ಇಳೀತು, ರಕ್ತ ಕಡಿಮಿ ಆಗಿ ಸುಸ್ತಾದ, ಆಮ್ಯಾಲೆ ದೊಡ್ಡ ಕರುಳಿಂದು ಅಂತ ಗೊತ್ತಾತು. ಈ ವಯಸ್ಸಿನ ಲೆಕ್ಕ, ಎಷ್ಟು ವರ್ಷಕ್ಕೊಮ್ಮೆ ಅನ್ನೋ ಲೆಕ್ಕ ಎಲ್ಲಾ ತ್ರಾಸಿಲ್ಲದವ್ರಿಗೆ. ರಕ್ತ ಕಂಡ್ರ ವಯಸ್ಸು ನೋಡಬ್ಯಾಡ್ರಿ, ಅದ ವಾರ ಡಾಕ್ಟರ್ ಹತ್ರ ಹೋಗ್ರಿ.

ಹಾವೇರಿಯಿಂದ:
ನನಗೆ 53, ಮನೆಯಲ್ಲಿ ಯಾರಿಗೂ ಇಲ್ಲ. ಅಂಥವರಿಗೆ ಇನ್ನೊಂದು ದಾರಿ ಇದೆ: ವರ್ಷಕ್ಕೊಮ್ಮೆ ಮಲ ಪರೀಕ್ಷೆ, ಫಿಟ್ ಅಂತಾರೆ. ಕಣ್ಣಿಗೆ ಕಾಣದ ರಕ್ತವನ್ನೂ ಹಿಡಿಯುತ್ತೆ, ಪಥ್ಯ ಏನೂ ಬೇಡ. ಹೋದ ವರ್ಷ ನನ್ನದು ಪಾಸಿಟಿವ್ ಬಂತು. ಇನ್ನೊಮ್ಮೆ ಮಲ ಪರೀಕ್ಷೆನೇ ಮಾಡಿಸಿ ನೋಡೋಣ ಅಂದುಕೊಂಡಿದ್ದೆ, ಡಾಕ್ಟರು ಬಿಡಲಿಲ್ಲ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿನೇ ಆಗಬೇಕು. ಏನೂ ಸಿಗಲಿಲ್ಲ, ಹತ್ತು ವರ್ಷ ಬಿಟ್ಟು ಬನ್ನಿ ಅಂದರು. ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮಾತ್ರ ನೋಡ್ತಾರೆ. ಕರುಳಿನದು ನಾವೇ ಕೇಳಿ ಮಾಡಿಸಬೇಕು.

ಮತ್ತೆ ಹುಬ್ಬಳ್ಳಿಯಿಂದ:
ಅಕ್ಕಾರ, ನಿಮ್ಮದು ಓದಿ ಅಪ್ಪನ ಹಳೇ ಫೈಲ್ ಹುಡುಕಿದೆ. ಬಯಾಪ್ಸಿ ಕಾಗದದಾಗ ವಯಸ್ಸು 48 ಅಂತ ಐತಿ, ನಾವು 52 ಅಂತ ತಿಳ್ಕೊಂಡಿದ್ವಿ. ಅಂದ್ರ ನಾನು 38ಕ್ಕ ಮಾಡಿಸ್ಬೇಕಿತ್ತು. ಬರೋ ಗುರುವಾರ ಡಾಕ್ಟರ್ ಹತ್ರ ಹೊಂಟೀನಿ. ತಂಗಿಗೂ ಫೋನ್ ಮಾಡ್ದೆ, ಅಕಿಗೆ ಈಗ 38 ನಡದೈತಿ.