ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಜಾರಿದಂತಾಗುತ್ತದೆ, ಬಿಗಿ ಮಾಡುವುದು ಹೇಗೆ? ಬಿಎಂಡಬ್ಲ್ಯು 328ಐ, 8 ಗೇರ್ ಆಟೊಮ್ಯಾಟಿಕ್

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಸೋದರಮಾವ ಹತ್ತು ವರ್ಷ ಓಡಿಸಿದ 2013ರ 328ಐ ನಾಲ್ಕು ತಿಂಗಳಿಂದ ನನ್ನ ಬಳಿ ಇದೆ. 2 ಲೀಟರ್ ಟರ್ಬೊ ಪೆಟ್ರೋಲ್, 245 ಅಶ್ವಶಕ್ತಿ, ಝಡ್‌ಎಫ್ 8ಎಚ್‌ಪಿ45 ಗೇರ್‌ಬಾಕ್ಸ್. ಓಡಿರುವುದು 91,000 ಕಿ.ಮೀ., ಬಹುಪಾಲು ಬೆಂಗಳೂರಿನ ಟ್ರಾಫಿಕ್‌ನಲ್ಲಿ. ಎಂಜಿನ್ ಬಗ್ಗೆ ಎರಡು ಮಾತಿಲ್ಲ. ತೊಂದರೆ ಇರುವುದು ಗೇರ್ ಬೀಳುವ ರೀತಿಯಲ್ಲಿ.

ಅರ್ಧ ಆಕ್ಸಿಲರೇಟರ್ ಒತ್ತಿ ಹೊರಟರೆ, ಎರಡರಿಂದ ಮೂರಕ್ಕೆ ಹೋಗುವಾಗ ಆರ್‌ಪಿಎಂ ಮುಳ್ಳು ನೇರವಾಗಿ ಕೆಳಗಿಳಿಯುವುದಿಲ್ಲ. ಇನ್ನೂರು, ಇನ್ನೂರೈವತ್ತು ಮೇಲೆದ್ದು, ಒಂದು ಕ್ಷಣ ಅಲ್ಲೇ ತೂಗಿ, ಆಮೇಲೆ ಇಳಿಯುತ್ತದೆ. ಅಷ್ಟು ಹೊತ್ತು ಕಾರು ಎಳೆಯುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ವೇಗ ತಗ್ಗಿಸಿದಾಗ ಅಥವಾ ಹಂಪ್ ಎದುರಾದಾಗ, ಮೂರರಿಂದ ಎರಡಕ್ಕೆ ಬೀಳುವ ಗಳಿಗೆಯಲ್ಲಿ ಸೀಟಿನ ಹಿಂದಿನಿಂದ ಯಾರೋ ಮೊಣಕಾಲಿನಲ್ಲಿ ಗುದ್ದಿದಂತಾಗುತ್ತದೆ. ಹಿಂದೆ ಕುಳಿತ ಅಮ್ಮನಿಗೂ ಅದು ಗೊತ್ತಾಗುತ್ತದೆ.

ನನಗೆ ಬೇಕಿರುವುದು ಇಷ್ಟೇ: ಗೇರ್ ಬಿದ್ದದ್ದು ಬೆನ್ನಿಗೆ ತಿಳಿಯಬೇಕು, ಬೆನ್ನಿಗೆ ಬಡಿಯಬಾರದು. ಮೂವರನ್ನು ಕೇಳಿದೆ. ಒಂದು ವರ್ಕ್‌ಶಾಪ್‌ನವರು ಈ ಗೇರ್‌ಬಾಕ್ಸ್ ಎಣ್ಣೆ ಜೀವಮಾನಕ್ಕೆಲ್ಲ ಸಾಕು, ಮುಟ್ಟಬೇಡಿ ಎಂದರು. ಇನ್ನೊಬ್ಬರು ಅರ್ಧ ಗಂಟೆಯಲ್ಲಿ ತಂತ್ರಾಂಶ ಬದಲಿಸಿ ಒತ್ತಡ ಏರಿಸಿಕೊಡುತ್ತೇನೆ ಎಂದರು. ಸ್ನೇಹಿತನೊಬ್ಬ ಶಿಫ್ಟ್ ಕಿಟ್, ಅಂದರೆ ಗೇರ್ ಬಿಗಿಯಾಗಿ ಬೀಳಲು ಒಳಗೆ ಹಾಕುವ ಬದಲಿ ಭಾಗಗಳನ್ನು, ಹಾಕಿಸು ಎನ್ನುತ್ತಾನೆ. ಯಾರ ಮಾತು ಕೇಳಲಿ?

ಹಳೆಸ್ಪ್ಯಾನರ್, ಮೈಸೂರು:

ಸದ್ಯಕ್ಕೆ ಮೂವರದ್ದೂ ಬೇಡ ಸರ್. ಜ್ವರ ಬಂದ ಹುಡುಗನನ್ನು ಯಾರೂ ಗರಡಿಗೆ ಕಳುಹಿಸುವುದಿಲ್ಲ. ಮೊದಲು ಜ್ವರ ಇಳಿಯಲಿ, ಸಾಮು ಆಮೇಲೆ.

ನೀವು ಬರೆದ ಎರಡು ಲಕ್ಷಣಗಳು ಬೇರೆ ಬೇರೆ ಎಂದು ತೋರುತ್ತವೆ, ಆದರೆ ಅಲ್ಲ. ಈ ಗೇರ್‌ಬಾಕ್ಸ್‌ನಲ್ಲಿ ಹಿಡಿದು ಬಿಡುವ ಭಾಗಗಳು ಐದು: ಎ ಮತ್ತು ಬಿ ಎಂಬ ಎರಡು ಬ್ರೇಕ್‌ಗಳು (ಚಕ್ರದವಲ್ಲ, ಗೇರ್‌ಬಾಕ್ಸ್ ಒಳಗಿನವು), ಸಿ, ಡಿ, ಇ ಎಂಬ ಮೂರು ಕ್ಲಚ್‌ಗಳು. ಯಾವ ಗೇರ್‌ನಲ್ಲಿದ್ದರೂ ಮೂರು ಹಿಡಿದಿರುತ್ತವೆ, ಎರಡು ಬಿಟ್ಟಿರುತ್ತವೆ. ಎರಡನೇ ಗೇರ್‌ನಲ್ಲಿ ಹಿಡಿದಿರುವುದು ಎ, ಬಿ, ಇ. ಮೂರನೆಯದರಲ್ಲಿ ಬಿ, ಸಿ, ಇ. ಅಂದರೆ ಎರಡರಿಂದ ಮೂರಕ್ಕೆ ಹೋಗುವಾಗ ಎ ಬಿಡಬೇಕು, ಸಿ ಹಿಡಿಯಬೇಕು. ಮೂರರಿಂದ ಎರಡಕ್ಕೆ ಬರುವಾಗ ಸಿ ಬಿಡಬೇಕು, ಎ ಹಿಡಿಯಬೇಕು. ನಿಮ್ಮ ಎರಡೂ ದೂರುಗಳು ಇದೇ ಜೋಡಿಯವು.

ತುಂಬಿದ ಕೊಡವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದನ್ನು ನೆನೆಯಿರಿ. ಕೊಡುವವರು ಬೇಗ ಬಿಟ್ಟು ತೆಗೆದುಕೊಳ್ಳುವವರು ತಡವಾಗಿ ಹಿಡಿದರೆ ಕೊಡ ಜಾರುತ್ತದೆ. ನಿಮ್ಮ ಮುಳ್ಳು ಮೇಲೇಳುವುದು ಆಗಲೇ. ಕೊಡುವವರು ಬಿಡುವ ಮೊದಲೇ ಇನ್ನೊಬ್ಬರು ಎಳೆದರೆ ನೀರು ಚೆಲ್ಲುತ್ತದೆ, ಅದು ನಿಮ್ಮ ಗುದ್ದು. ಎರಡರಲ್ಲೂ ತಪ್ಪಿರುವುದು ಹೊತ್ತು. ಕೈಯಲ್ಲಿ ಬಲವಿದೆಯೋ ಇಲ್ಲವೋ ಎಂಬ ಪ್ರಶ್ನೆ ಇನ್ನೂ ಬಂದೇ ಇಲ್ಲ.

ಲೆಕ್ಕವನ್ನೂ ನೋಡಿ. ಎರಡನೇ ಗೇರ್‌ನ ಅನುಪಾತ 3.143, ಮೂರನೆಯದು 2.106. 3000 ಆರ್‌ಪಿಎಂನಲ್ಲಿ ಗೇರ್ ಬಿದ್ದರೆ ಎಂಜಿನ್ ಸುಮಾರು 2010ಕ್ಕೆ ಇಳಿಯಬೇಕು. ಹತ್ತಿರ ಹತ್ತಿರ ಸಾವಿರ ಸುತ್ತಿನ ರಭಸವನ್ನು ಕ್ಲಚ್ ಪ್ಲೇಟ್‌ಗಳು ಉಜ್ಜಿಕೊಂಡು ನುಂಗುತ್ತವೆ. ಆ ಗಳಿಗೆಯಲ್ಲಿ ಎಂಜಿನ್ ಕಂಪ್ಯೂಟರ್ ಕಿಡಿಯನ್ನು ತಡಮಾಡಿ ಟಾರ್ಕ್ (ತಿರುಗಿಸುವ ಬಲ) ತಗ್ಗಿಸಿ ನೆರವಾಗುತ್ತದೆ. ಉಜ್ಜುವ ಹೊತ್ತು ಕಿರಿದಾದರೆ ನಮಗೆ ಬಿಗಿ ಎನಿಸುತ್ತದೆ, ಹಿರಿದಾದರೆ ಮೆತ್ತಗೆನಿಸುತ್ತದೆ, ತೀರಾ ಹಿರಿದಾದರೆ ಪ್ಲೇಟ್ ಸುಡುತ್ತದೆ.

ಪ್ರತಿ ಕ್ಲಚ್‌ಗೆ ಎಣ್ಣೆ ತುಂಬಲು ಎಷ್ಟು ಹೊತ್ತು ಬೇಕು, ಎಷ್ಟು ಒತ್ತಡಕ್ಕೆ ಅದು ಹಿಡಿಯಲು ಶುರುಮಾಡುತ್ತದೆ ಎಂಬುದನ್ನು ಗೇರ್‌ಬಾಕ್ಸ್‌ನ ಕಂಪ್ಯೂಟರ್ ಓಡುತ್ತ ಓಡುತ್ತ ಕಲಿಯುತ್ತದೆ. ಎಣ್ಣೆ ಹಳತಾದಂತೆ ಪ್ಲೇಟ್‌ಗಳ ಹಿಡಿತ ಬದಲಾಗುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತ ಹೋಗುತ್ತದೆ. ಆ ಹೊಂದಾಣಿಕೆಗೂ ಒಂದು ಮಿತಿ ಇದೆ. ಜೀವಮಾನದ ಎಣ್ಣೆ ಎಂಬ ಮಾತನ್ನು ಮರೆತುಬಿಡಿ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಲು ಹೇಳುತ್ತದೆ. ನಿಮ್ಮದು ಎರಡು ಲೆಕ್ಕದಲ್ಲೂ ಆ ಗಡಿ ಮುಟ್ಟಿದೆ.

ಶಿಫ್ಟ್ ಕಿಟ್ ಬೇರೆ ಕಾಲದ್ದು. 1982ರಲ್ಲಿ ಬಂದ ಜನರಲ್ ಮೋಟರ್ಸ್‌ನ 700ಆರ್4ನಂಥ ಗೇರ್‌ಬಾಕ್ಸ್‌ಗಳಲ್ಲಿ ಒತ್ತಡವನ್ನು ಆಳುತ್ತಿದ್ದದ್ದು ಥ್ರಾಟಲ್‌ಗೆ ಕಟ್ಟಿದ ಒಂದು ಕೇಬಲ್. ಅಲ್ಲಿ ತಟ್ಟೆಯ ರಂಧ್ರ ದೊಡ್ಡದು ಮಾಡಿ, ಸ್ಪ್ರಿಂಗ್ ಬದಲಿಸಿ, ಬ್ಯಾಂಡ್ (ಡ್ರಮ್ ಸುತ್ತ ಬಿಗಿಯುವ ಪಟ್ಟಿ) ಹಿಡಿಯುವ ಸರ್ವೊ ದೊಡ್ಡದು ಹಾಕಿ ಬಿಗಿ ತರುತ್ತಿದ್ದರು. ಅದು ಅಂದವಾದ ಕೆಲಸ, ನನಗೆ ಅದರ ಮೇಲೆ ಪ್ರೀತಿ ಇದೆ. ಆದರೆ ನಿಮ್ಮ ಪೆಟ್ಟಿಗೆಯಲ್ಲಿ ಬ್ಯಾಂಡೂ ಇಲ್ಲ, ಕೇಬಲ್ಲೂ ಇಲ್ಲ. ಒತ್ತಡವನ್ನೆಲ್ಲ ಸಾಲೆನಾಯ್ಡ್‌ಗಳು, ಅಂದರೆ ಕಂಪ್ಯೂಟರ್ ಆಡಿಸುವ ವಿದ್ಯುತ್ ಕವಾಟಗಳು, ನೋಡಿಕೊಳ್ಳುತ್ತವೆ.

ಮೊದಲು ಸ್ಕ್ಯಾನರ್ ಹಾಕಿ ದೋಷದ ಸಂಕೇತಗಳಿವೆಯೇ ನೋಡಿಸಿ. ಬ್ಯಾಟರಿಯ ವೋಲ್ಟೇಜ್ ನೋಡಿಸಿ. ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಗೇರ್‌ಬಾಕ್ಸ್ ಕೂರುವ ರಬ್ಬರ್ ಮೌಂಟ್ ಮತ್ತು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ಮುಂದಿನ ರಬ್ಬರ್ ಡಿಸ್ಕ್ ಬಿರುಕು ಬಿಟ್ಟಿವೆಯೇ ಕೈಯಿಟ್ಟು ನೋಡಿ. ಎಣ್ಣೆ ಎಲ್ಲಾದರೂ ಒಸರಿದೆಯೇ ನೋಡಿ. ಆಮೇಲೆ ಎಣ್ಣೆ ಬದಲಿಸಿ. ಫಿಲ್ಟರ್ ಆ ಪ್ಲಾಸ್ಟಿಕ್ ಪ್ಯಾನ್‌ನಲ್ಲೇ ಸೇರಿಕೊಂಡಿರುವುದರಿಂದ ಪ್ಯಾನನ್ನೇ ಬದಲಿಸಬೇಕು. ಏಳು ಲೀಟರ್ ಎಣ್ಣೆಯ ಜೊತೆ ಕಿಟ್ ಸಿಗುತ್ತದೆ. ಒಂದು ಎಚ್ಚರಿಕೆ: ಎಣ್ಣೆ ಇಳಿಸುವ ಮೊದಲು ತುಂಬುವ ಬಿರಡೆ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಎಣ್ಣೆ ಇಳಿಸಿದ ಮೇಲೆ ಅದು ಬಿಚ್ಚದೆ ಹೋದರೆ ಕಾರು ನಿಂತಲ್ಲೇ ಉಳಿಯುತ್ತದೆ.

ನಂದಿತಿರುವು, ಮೈಸೂರು:

ಮೇಲಿನವರ ಮಾತನ್ನು ದಯವಿಟ್ಟು ಕೇಳಿ. ನಾನು ಆರು ಗೇರ್‌ನ ಹಳೆಯ ಕಾರಿಗೆ ಎಣ್ಣೆ ಬದಲಿಸದೆ ನೇರವಾಗಿ ತಂತ್ರಾಂಶ ಹಾಕಿಸಿದ್ದೆ. ಎರಡು ವಾರ ಬಹಳ ಚೆನ್ನಾಗಿತ್ತು. ಐದನೇ ತಿಂಗಳು ಚಾಮುಂಡಿ ಬೆಟ್ಟ ಹತ್ತುವಾಗ ನಂದಿಯ ಹತ್ತಿರ ಮುಂದಕ್ಕೆ ಎಳೆಯುವುದನ್ನೇ ನಿಲ್ಲಿಸಿತು. ಬಿಚ್ಚಿದಾಗ ಒಂದು ಕ್ಲಚ್‌ನ ಪ್ಲೇಟ್‌ಗಳು ಕರಿಕಪ್ಪಾಗಿದ್ದವು, ಉಗುರಿನಿಂದ ಕೆರೆದರೆ ಒಳಪದರ ಉದುರುತ್ತಿತ್ತು. ಮೊದಲಿನಿಂದಲೂ ಜಾರುತ್ತಿದ್ದುದನ್ನು ಹೊಸ ತಂತ್ರಾಂಶ ನನ್ನಿಂದ ಮರೆಮಾಚಿತ್ತು.

ಕಬ್ಬಿನಗದ್ದೆ, ಮಂಡ್ಯ:

ಎಣ್ಣೆ ಬದಲಿಸಿ ಒಂದು ವಾರವಾಯಿತು. ಸಂಕೇತಗಳೇನೂ ಇರಲಿಲ್ಲ, ಬ್ಯಾಟರಿ ಸರಿಯಿದೆ, ರಬ್ಬರ್ ಡಿಸ್ಕ್ ಗಟ್ಟಿಯಾಗಿದೆ. ಇಳಿದ ಎಣ್ಣೆ ಕಾಫಿ ಡಿಕಾಕ್ಷನ್‌ನಂತೆ ಕಪ್ಪಗಿತ್ತು. ಪ್ಯಾನ್‌ನ ಆಯಸ್ಕಾಂತಗಳ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರು ಕೂತಿತ್ತು. ಬೆರಳುಗಳ ನಡುವೆ ತಿಕ್ಕಿ ನೋಡಿದೆ, ವಿಭೂತಿಯಂತಿತ್ತು, ಚೂರುಗಳು ಕೈಗೆ ಸಿಗಲಿಲ್ಲ.

ಆದರೆ ಸರ್, ಫಲಿತಾಂಶ ಹದಗೆಟ್ಟಿದೆ. ಬೆಳಿಗ್ಗೆ ಕಾರು ತಣ್ಣಗಿದ್ದಾಗ ಲಿವರನ್ನು ಡಿಗೆ (ಮುಂದಕ್ಕೆ ಓಡುವ ಸ್ಥಾನ) ಹಾಕಿದರೆ ಎರಡು ಸೆಕೆಂಡ್ ಏನೂ ಆಗುವುದಿಲ್ಲ. ಜಾರುವುದು ಈಗ ಮೂರರಿಂದ ನಾಲ್ಕಕ್ಕೂ ಹರಡಿದೆ. ಏಳು ಲೀಟರ್ ತಂದದ್ದರಲ್ಲಿ ಎರಡೂವರೆ ಲೀಟರ್ ಉಳಿಯಿತು ಎಂದು ವಾಪಸ್ ಕೊಟ್ಟರು.

ಹಳೆಸ್ಪ್ಯಾನರ್, ಮೈಸೂರು:

ಉಳಿದ ಎಣ್ಣೆಯೇ ಉತ್ತರ ಹೇಳುತ್ತಿದೆ. ಮಟ್ಟ ನೋಡಿದಾಗ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಎಷ್ಟಿತ್ತು ಎಂದು ಕೇಳಿ ತಿಳಿಸಿ.

ಕಬ್ಬಿನಗದ್ದೆ, ಮಂಡ್ಯ:

ಕೇಳಿದೆ. ಸ್ಕ್ಯಾನರ್ ನೋಡಿಲ್ಲವಂತೆ. ಮಧ್ಯಾಹ್ನ ಮೂರು ಗಂಟೆ, ಕಾರನ್ನು ಓಡಿಸಿಕೊಂಡು ಬಂದು ನೇರವಾಗಿ ಲಿಫ್ಟ್‌ಗೆ ಏರಿಸಿದ್ದರು.

ಹಳೆಸ್ಪ್ಯಾನರ್, ಮೈಸೂರು:

ಹಾಗಾದರೆ ಎಣ್ಣೆ ಕಡಿಮೆ ಇದೆ. ಪಂಪ್ ಗಾಳಿ ಎಳೆಯುತ್ತಿದೆ. ಇವತ್ತಿನಿಂದ ಓಡಿಸಬೇಡಿ.

ಇದಕ್ಕೆ ಅಳತೆಯ ಕಡ್ಡಿ ಇಲ್ಲ. ತುಂಬುವ ತೂತಿನಿಂದ ಎಣ್ಣೆ ಹೊರಗೆ ಹರಿಯುವುದೇ ಮಟ್ಟದ ಗುರುತು. ಬಿಸಿ ಎಣ್ಣೆ ಹಿಗ್ಗಿರುತ್ತದೆ, ಬೇಗ ಹರಿಯುತ್ತದೆ, ತುಂಬಿತು ಎಂದು ಬಿರಡೆ ಹಾಕುತ್ತಾರೆ. ತಣಿದ ಮೇಲೆ ನೋಡಿದರೆ ಕೊರತೆ. ಆದ್ದರಿಂದ ಹೀಗೆ ಮಾಡಿಸಿ. ಕಾರು ರಾತ್ರಿಯೆಲ್ಲ ಆ ಲಿಫ್ಟ್ ಹತ್ತಿರವೇ ನಿಂತಿರಲಿ. ಬೆಳಿಗ್ಗೆ ಮಟ್ಟಸವಾಗಿ ಏರಿಸಿ. ಎಂಜಿನ್ ನಿಲ್ಲಿಸಿದ್ದಾಗಲೇ ಹರಿಯುವಷ್ಟು ತುಂಬಿ, ಎಂಜಿನ್ ಚಾಲೂ ಮಾಡಿ, ಮತ್ತೆ ತುಂಬಿ. ಬ್ರೇಕ್ ಒತ್ತಿ ಹಿಡಿದು ಆರ್ (ರಿವರ್ಸ್) ಮತ್ತು ಡಿಗಳಲ್ಲಿ ಕೆಲವು ಸೆಕೆಂಡ್ ನಿಲ್ಲಿಸಿ ಪಿಗೆ (ಪಾರ್ಕ್) ತನ್ನಿ. ಸ್ಕ್ಯಾನರ್‌ನಲ್ಲಿ ಎಣ್ಣೆಯ ಉಷ್ಣತೆ 30 ಮತ್ತು 50 ಡಿಗ್ರಿಗಳ ನಡುವೆ ಇರುವಾಗ, ಎಂಜಿನ್ ಓಡುತ್ತಿರುವಾಗಲೇ, ಕೊನೆಯ ಬಾರಿ ತುಂಬಿ ಹರಿಯಲು ಬಿಟ್ಟು, ಧಾರೆ ಕಡಿದು ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಬಿರಡೆ ಹಾಕಿ. ನಾನು 40ರ ಆಸುಪಾಸಿನಲ್ಲಿ ಮುಚ್ಚುತ್ತೇನೆ. ಮಂಡ್ಯದ ಬೇಸಿಗೆಯಲ್ಲಿ ಈ ಅವಕಾಶ ಸಿಗುವುದು ಕೆಲವೇ ನಿಮಿಷ, ಕೈಗಳು ಸಿದ್ಧವಿರಲಿ.

ಆಮೇಲೆ ಸ್ಕ್ಯಾನರ್‌ನಿಂದ ಹಳೆಯ ಕಲಿಕೆಯನ್ನು ಅಳಿಸಿ, ಹೊಸದಾಗಿ ಕಲಿಸಿ. ಗೇರ್‌ಬಾಕ್ಸ್ ಪೂರ್ತಿ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಕಾಲುಭಾಗ, ಅಲುಗಾಡದಂತೆ ಹಿಡಿದು ಒಂದರಿಂದ ಆರೇಳರವರೆಗೆ ಹೋಗಿ. ಕಾಲು ತೆಗೆದು, ಬ್ರೇಕನ್ನು ಹಗುರವಾಗಿ ಮಾತ್ರ ಮುಟ್ಟಿ, ತಾನಾಗಿ ಇಳಿಯಲು ಬಿಡಿ. ಹತ್ತು ಹದಿನೈದು ಸಲ. ಮೊದಲ ಕೆಲವು ಸಲ ಒರಟಾಗಿರುತ್ತದೆ, ಹೆದರಬೇಡಿ.

ಕಬ್ಬಿನಗದ್ದೆ, ಮಂಡ್ಯ:

ಸರ್, ಬೇರೆ ಕಡೆ ಮಾಡಿಸಿದೆ, ಪಕ್ಕದಲ್ಲೇ ನಿಂತಿದ್ದೆ. ಒಂದೂ ಮುಕ್ಕಾಲು ಲೀಟರ್ ಹಿಡಿಯಿತು! 41 ಡಿಗ್ರಿಯಲ್ಲಿ ಬಿರಡೆ ಹಾಕಿದೆವು. ಭಾನುವಾರ ನಸುಕಿನಲ್ಲಿ ಎಕ್ಸ್‌ಪ್ರೆಸ್‌ವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತ ಬರುತ್ತ ಕಲಿಸಿದೆ. ಏಳನೆಯ ಸಲಕ್ಕೆ ಎರಡರಿಂದ ಮೂರಕ್ಕೆ ಮುಳ್ಳು ಮೇಲೇಳದೆ ನೇರವಾಗಿ ಇಳಿಯಿತು. ಹನ್ನೊಂದನೆಯದಕ್ಕೆ ಮೂರರಿಂದ ಎರಡರ ಗುದ್ದು ಎಲ್ಲಿತ್ತೆಂದು ಹುಡುಕಬೇಕಾಯಿತು. ಈಗ ತಂತ್ರಾಂಶ ಹಾಕಿಸಬಹುದೇ?

ಹಳೆಸ್ಪ್ಯಾನರ್, ಮೈಸೂರು:

ಹಾಕಿಸಬಹುದು. ಆದರೆ ಮೊದಲು ಲಿವರನ್ನು ಡಿಯಿಂದ ಎಡಕ್ಕೆ ತಳ್ಳಿ ಎಸ್‌ನಲ್ಲಿ (ಸ್ಪೋರ್ಟ್) ಒಂದು ತಿಂಗಳು ಓಡಿಸಿ. ಗೇರ್ ಬೀಳುವ ಹೊತ್ತನ್ನು ಕಿರಿದು ಮಾಡುವ ಲೆಕ್ಕ ಅದರಲ್ಲೇ ಬರೆದಿದೆ. ಆರೋಗ್ಯದಲ್ಲಿರುವ 8ಎಚ್‌ಪಿಯ ಎಸ್ ಹೇಗಿರುತ್ತದೆ ಎಂಬುದನ್ನು ನೀವು ಇಲ್ಲಿಯವರೆಗೆ ಕಂಡೇ ಇಲ್ಲ.

ಅದೂ ಸಾಲದೆನಿಸಿದರೆ, ತಂತ್ರಾಂಶ ಬರೆಯುವಾಗ ಬ್ಯಾಟರಿಗೆ ಸ್ಥಿರ ವೋಲ್ಟೇಜ್ ಕೊಡುವ ಸಪ್ಲೈ ಇರಲೇಬೇಕು, ಅದಕ್ಕೆ ಇನ್ವರ್ಟರ್ ಆಸರೆ ಇರಬೇಕು. ನಡುವೆ ಕರೆಂಟ್ ಹೋದರೆ ಗೇರ್‌ಬಾಕ್ಸ್‌ನ ಕಂಪ್ಯೂಟರ್ ಅರ್ಧಕ್ಕೆ ನಿಲ್ಲುತ್ತದೆ. ಒತ್ತಡವನ್ನು ಅತಿ ಹೆಚ್ಚಿಸುವ ಹಂತಕ್ಕೆ ಹೋಗಬೇಡಿ, ಎಂಜಿನ್‌ನ ಟಾರ್ಕ್ ಏರಿಸಿಲ್ಲದ ಕಾರಿಗೆ ಅದರ ಅಗತ್ಯವಿಲ್ಲ.

ಕಬ್ಬಿನಗದ್ದೆ, ಮಂಡ್ಯ:

ನಿನ್ನೆ ಎಸ್‌ನಲ್ಲಿ ಚಾಮುಂಡಿ ಬೆಟ್ಟ ಹತ್ತಿದೆ. ತುದಿಯಲ್ಲಿ ಎಣ್ಣೆಯ ಉಷ್ಣತೆ 94 ಡಿಗ್ರಿ ತೋರಿಸಿತು. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಎರಡರಿಂದ ಮೂರು ಚಿಟಿಕೆ ಹೊಡೆದಂತೆ ಬೀಳುತ್ತದೆ, ಬೆನ್ನಿಗೆ ತಿಳಿಯುತ್ತದೆ. ತಂತ್ರಾಂಶದವರಿಗೆ ಸದ್ಯಕ್ಕೆ ಬೇಡ ಎಂದು ಹೇಳಿದ್ದೇನೆ. ನಂದಿತಿರುವು ಅವರೇ, ನಿಮ್ಮ ಕಾರಿನ ಪ್ಲೇಟ್‌ಗಳ ಚಿತ್ರ ಇದ್ದರೆ ಹಾಕುತ್ತೀರಾ? ಜೀವಮಾನದ ಎಣ್ಣೆ ಎಂದ ವರ್ಕ್‌ಶಾಪ್‌ನವರಿಗೆ ತೋರಿಸಬೇಕು.