ಕುಡಿದ ರಾತ್ರಿ ಕಾಂಡೋಮ್ ತಪ್ಪಿದರೆ?

ಪ್ರಶ್ನೆ: ಮಂಡ್ಯದಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡ್ತೀವಿ. ಗಿರಾಕಿ ಕುಡಿಸಿ, ಕಾಂಡೋಮ್ ಇಲ್ಲದೆ ಆಗಿಹೋದ್ರೆ ಮೊದಲು ಏನು ಮಾಡಿಸ್ಬೇಕು?

ಉತ್ತರ 1: ನಶೆ ಇಳೀಲಿ ಅಂತ ಕಾಯಬೇಡಿ. ಎಚ್‌ಐವಿ ತಡೆಯೋ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗ್ಬೇಕು, ಬೇಗ ಆದಷ್ಟೂ ಒಳ್ಳೇದು. ಮಿಮ್ಸ್ (ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆಮೇಲೆ 28 ದಿನ ತಪ್ಪದೆ ನುಂಗ್ಬೇಕು. ಎಡವೋದು ಇಲ್ಲೇ: ಸಂಜೆ ಕುಡಿದು ಮಲಗಿದ್ರೆ ಡೋಸ್ ಹೋಯ್ತು. ಬೆಳಿಗ್ಗೆ ತಿಂಡಿ ಜೊತೆಗೇ ಕೊಡಿಸಿ.

ಉತ್ತರ 2: ಬಸುರು ತಡೆಯೋ ತುರ್ತು ಮಾತ್ರೆ ಬೇರೆ, ಅದು ಸೋಂಕು ತಡೆಯಲ್ಲ. ನುಂಗಿದ 2 ಗಂಟೆಯೊಳಗೆ ವಾಂತಿಯಾದ್ರೆ (ಕುಡಿದವರಿಗೆ ಆಗೋದೇ) ಇನ್ನೊಂದು ಕೊಡಿ.

ಉತ್ತರ 3: ಪ್ರಜ್ಞೆ ತಪ್ಪಿದ್ದಾಗ ನಡೆದದ್ದು ಅತ್ಯಾಚಾರ, ವೃತ್ತಿ ಯಾವುದಾದ್ರೂ ಸರಿ. ಎಫ್‌ಐಆರ್ ಇಲ್ಲ ಅಂತ ಆಸ್ಪತ್ರೆಯವರು ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ. ಮಹಿಳಾ ಸಹಾಯವಾಣಿ 181, ಎಚ್‌ಐವಿ ಮಾಹಿತಿಗೆ 1097.